ಡಿಸ್‌ಚಾರ್ಜ್ ಕಾರ್ಡಿನಲ್ಲಿ ಹಿರಿಯರ ನಡಿಗೆಗೂ ಒಂದು ಸಾಲು ಇರಲಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು.

ಮುಂಬಯಿಯ ಆಸ್ಪತ್ರೆಗಳಲ್ಲಿ ದಾಖಲಾಗುವ ಎಪ್ಪತ್ತು ದಾಟಿದ ರೋಗಿಗಳ ವಿಷಯವೊಂದನ್ನು ವೈದ್ಯರ, ಆಸ್ಪತ್ರೆಗಳ ಆಡಳಿತದವರ ಮತ್ತು ಮುಖ್ಯವಾಗಿ ನಮ್ಮ ಕನ್ನಡ ಕುಟುಂಬಗಳ ಗಮನಕ್ಕೆ ತರುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ನ್ಯುಮೋನಿಯಾ, ಮೂತ್ರದ ಸೋಂಕು, ಹೃದಯದ ತೊಂದರೆ, ರಕ್ತದಲ್ಲಿ ಸೋಡಿಯಂ ಇಳಿದದ್ದು ಮುಂತಾದ ಕಾರಣಗಳಿಗಾಗಿ ಒಳಗೆ ಹೋದ ಹಿರಿಯರಲ್ಲಿ ಬಹಳ ಮಂದಿ ಆ ಕಾಯಿಲೆಯಿಂದ ಗುಣವಾಗಿಯೇ ಹೊರಬರುತ್ತಾರೆ. ಆದರೆ ಹೋಗುವ ಮುನ್ನ ತಾವೇ ಎದ್ದು ಪಾಯಖಾನೆಗೆ ಹೋಗುತ್ತಿದ್ದವರು ಬರುವಾಗ ಇಬ್ಬರ ಹೆಗಲು ಹಿಡಿದು ಬರುತ್ತಾರೆ. ಅವರ ಡಿಸ್‌ಚಾರ್ಜ್ ಕಾರ್ಡಿನಲ್ಲಿ ಮೂತ್ರಪಿಂಡದ ಕೆಲಸ ಸೂಚಿಸುವ ಕ್ರಿಯಾಟಿನಿನ್ ಎಷ್ಟಿತ್ತು, ಎಷ್ಟಕ್ಕೆ ಇಳಿಯಿತು, ಎದೆಯ ಎಕ್ಸ್‌ರೇಯಲ್ಲಿ ಏನು ಕಂಡಿತು, ಯಾವ ಮಾತ್ರೆ ಎಷ್ಟು ದಿನ ಎಂಬುದೆಲ್ಲ ಇರುತ್ತದೆ. ರೋಗಿ ಮಂಚದಿಂದ ತಾನಾಗಿ ಏಳಬಲ್ಲರೇ, ಎಷ್ಟು ದೂರ ನಡೆಯಬಲ್ಲರು, ಮೆಟ್ಟಿಲು ಹತ್ತಿಸಿ ನೋಡಲಾಗಿದೆಯೇ, ಮನೆಯಲ್ಲಿ ಅವರಿಗೆ ಯಾವ ಕೆಲಸಕ್ಕೆ ಎಷ್ಟು ಜನರ ಸಹಾಯ ಬೇಕು ಎಂಬ ಬಗ್ಗೆ ಸಾಮಾನ್ಯವಾಗಿ ಒಂದು ಸಾಲೂ ಇರುವುದಿಲ್ಲ. ಈ ನಗರದ ವಾರ್ಡುಗಳಲ್ಲಿ ಫಿಜಿಯೋಥೆರಪಿಸ್ಟ್ ಆಗಿ ಬಹುಕಾಲ ದುಡಿದು, ನಿವೃತ್ತಿಯ ಬಳಿಕ ಮಾಟುಂಗಾದಿಂದ ಡೊಂಬಿವಲಿಯವರೆಗೆ ಹಿರಿಯರ ಮನೆಗಳಿಗೇ ಹೋಗಿ ವ್ಯಾಯಾಮ ಹೇಳಿಕೊಡುತ್ತಿರುವ ನಾನು ಇದನ್ನು ಸಣ್ಣ ಕೊರತೆಯೆಂದು ಭಾವಿಸುವುದಿಲ್ಲ. ಮುಂದಿನ ಹಲವು ವರ್ಷ ಆ ಮನೆಯ ಬದುಕು ಹೇಗಿರುತ್ತದೆ ಎಂಬುದು ಬಹುಪಾಲು ಈ ಬರೆಯದ ಸಾಲಿನಿಂದಲೇ ನಿರ್ಧಾರವಾಗುತ್ತದೆ.

'ವಯಸ್ಸಾಯಿತಲ್ಲ, ಇನ್ನೇನು' ಎಂಬ ಮಾತನ್ನು ಮನೆಯವರೂ ಹೇಳುತ್ತಾರೆ, ಕೆಲವು ವೈದ್ಯರೂ ಹೇಳುತ್ತಾರೆ. ವಯಸ್ಸಿನ ಪಾಲು ಇದರಲ್ಲಿ ಇಲ್ಲವೆಂದಲ್ಲ, ಆದರೆ ಆಸ್ಪತ್ರೆಯ ಮಂಚದ ಪಾಲು ನಾವು ಎಣಿಸುವುದಕ್ಕಿಂತ ಬಹಳ ದೊಡ್ಡದು. ಅಮೆರಿಕದಲ್ಲಿ ಕೆನೆತ್ ಕೊವಿನ್‌ಸ್ಕಿ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 70 ಅಥವಾ ಅದಕ್ಕೂ ಹೆಚ್ಚು ವಯಸ್ಸಿನ ರೋಗಿಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಜನ, ಕಾಯಿಲೆಗೆ ಮುನ್ನ ತಾವೇ ಮಾಡಿಕೊಳ್ಳುತ್ತಿದ್ದ ಸ್ನಾನ, ಉಡುವುದು, ಮಂಚದಿಂದ ಏಳುವುದು ಮುಂತಾದ ನಿತ್ಯದ ಕೆಲಸಗಳಲ್ಲಿ ಹಿಂದೆ ಬಿದ್ದು ಆಸ್ಪತ್ರೆಯಿಂದ ಹೊರಬಂದಿದ್ದರು. 2007ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಯಾವ ಕಾಯಿಲೆಯೂ ಇಲ್ಲದ ಹಿರಿಯ ಸ್ವಯಂಸೇವಕರನ್ನು ಬರೇ 10 ದಿನ ಹಾಸಿಗೆಯಲ್ಲಿ ಇರಿಸಿದಾಗ ಅವರ ಕಾಲುಗಳ ಮಾಂಸಖಂಡದಲ್ಲಿ ಹತ್ತಿರ ಹತ್ತಿರ 1 ಕಿಲೋ ಕರಗಿತ್ತು. ಆರೋಗ್ಯವಂತರ ಸ್ಥಿತಿ ಹೀಗಾದರೆ ಜ್ವರ, ಅರೆಹೊಟ್ಟೆ, ನಿದ್ದೆಗೇಡುಗಳ ನಡುವೆ ಮಲಗಿದವರ ಸ್ಥಿತಿ ಏನಾದೀತು? ದಾಖಲಾಗುವ ಮುನ್ನ ನಡೆಯಬಲ್ಲವರಾಗಿದ್ದ ಹಿರಿಯ ರೋಗಿಗಳ ದೇಹಕ್ಕೆ ಚಲನೆ ಅಳೆಯುವ ಉಪಕರಣ ಕಟ್ಟಿ ನೋಡಿದ 2009ರ ಅಧ್ಯಯನವೊಂದರ ಪ್ರಕಾರ, ಅವರು ಆಸ್ಪತ್ರೆಯಲ್ಲಿ ಕಳೆದ ಹೊತ್ತಿನ 83 ಪ್ರತಿಶತ ಮಲಗಿಯೇ ಕಳೆದಿತ್ತು.

ನಮ್ಮ ವಾರ್ಡುಗಳಲ್ಲಿ ಈ ಮಲಗಿಸುವಿಕೆ ಯಾರ ದುರುದ್ದೇಶದಿಂದಲೂ ನಡೆಯುವುದಿಲ್ಲ, ಒಂದೊಂದು ಸಣ್ಣ ಕಾರಣದಿಂದ ತಾನಾಗಿ ನಡೆದುಹೋಗುತ್ತದೆ. ಒಂದು ಕೈಗೆ ಸಲೈನ್ ಹಾಕಿರುತ್ತದೆ. ಮೂತ್ರದ ಲೆಕ್ಕ ಬೇಕೆಂದು ಹಾಕಿದ ಕ್ಯಾತೆಟರ್ ಎಂಬ ನಳಿಕೆ, ಲೆಕ್ಕದ ಅಗತ್ಯ ಮುಗಿದ ಮೇಲೂ ಹಾಗೆಯೇ ಉಳಿಯುತ್ತದೆ. ಮಂಚ ಎತ್ತರದ್ದು, ಗಿಡ್ಡ ಅಜ್ಜಿಯಂದಿರ ಕಾಲು ನೆಲಕ್ಕೆ ಮುಟ್ಟುವುದಿಲ್ಲ. ಬಿದ್ದರೆ ತಮ್ಮ ಮೇಲೆ ಬರುತ್ತದೆ ಎಂಬ ಭಯದಿಂದ ಸಿಸ್ಟರ್‌ಗಳು ಮಂಚದ ಎರಡೂ ಬದಿಯ ಕಂಬಿ ಏರಿಸಿಡುತ್ತಾರೆ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬಿಬ್ಬರೇ ಇರುವಾಗ, ಪಾಯಖಾನೆಗೆ ಕರೆದೊಯ್ಯುವುದಕ್ಕಿಂತ ಡೈಪರ್ ಕಟ್ಟುವುದು ಸುಲಭವಾಗುತ್ತದೆ. ಆಮೇಲೆ ನಾವು, ಮನೆಯವರು. ಅಪ್ಪ ಮಂಚದ ಅಂಚಿಗೆ ಬಂದು ಕೂತರೆ 'ಏಳಬೇಡಿ, ಸುಸ್ತಾಗುತ್ತದೆ' ಎಂದು ಮಲಗಿಸುವುದೇ ಪ್ರೀತಿಯೆಂದು ತಿಳಿದಿದ್ದೇವೆ. ಚಮಚದಲ್ಲಿ ಗಂಜಿ ಕುಡಿಸುವುದು, ಹಲ್ಲುಜ್ಜಿಸುವುದು, ತಲೆ ಬಾಚುವುದು ಎಲ್ಲವನ್ನೂ ಅವರ ಕೈಯಿಂದ ತೆಗೆದುಕೊಳ್ಳುತ್ತೇವೆ. ಭೇಟಿಗೆ ಬಂದ ನೆಂಟರು ಸಹ ವಿಶ್ರಾಂತಿ ತೆಗೆದುಕೊಳ್ಳಿ ಎಂದೇ ಹೇಳಿ ಹೋಗುತ್ತಾರೆ. ವಾರ ಕಳೆಯುವ ಹೊತ್ತಿಗೆ ಡಾಕ್ಟರು ಸಂತೋಷದಿಂದ 'ನಾಳೆ ಮನೆಗೆ ಹೋಗಬಹುದು' ಎನ್ನುತ್ತಾರೆ, ಆಗ ರೋಗಿಯನ್ನು ನಿಲ್ಲಿಸಲು ಹೋದರೆ ಕಾಲು ನಿಲ್ಲುವುದಿಲ್ಲ.

ಆದ್ದರಿಂದ ನಾನು ಮೊದಲು ಒತ್ತಿ ಹೇಳುವುದು ದಾಖಲಾದ ದಿನ ಕೇಳಬೇಕಾದ ಒಂದು ಪ್ರಶ್ನೆಯ ಬಗ್ಗೆ. ಕಾಯಿಲೆ ಬರುವುದಕ್ಕೆ ಎರಡು ವಾರ ಮೊದಲು ಈ ವ್ಯಕ್ತಿ ಏನೇನು ಮಾಡಿಕೊಳ್ಳುತ್ತಿದ್ದರು? ತುರ್ತು ವಿಭಾಗದಲ್ಲಿ ಕಾಣುವ ಸ್ಥಿತಿಯನ್ನು ಅವರ ಸಹಜ ಸ್ಥಿತಿಯೆಂದು ಬಗೆಯಬಾರದು, ಏಕೆಂದರೆ ಅಲ್ಲಿ ಕಾಣುವುದು ಕಾಯಿಲೆ ಉಲ್ಬಣಿಸಿದಾಗಿನ ಮನುಷ್ಯ. ಹಲವು ವರ್ಷಗಳ ಹಿಂದಿನ ಪ್ರಸಂಗವೊಂದನ್ನು ಇಲ್ಲಿ ಹೇಳಲೇಬೇಕು. ಹುಡುಗನಾಗಿ ಊರಿನಿಂದ ಬಂದು, ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶದ ಕ್ಯಾಂಟೀನೊಂದರಲ್ಲಿ ದುಡಿಯುತ್ತ ರಾತ್ರಿಶಾಲೆಯಲ್ಲಿ ಓದಿ, ನಂತರ ಗುಮಾಸ್ತರಾಗಿ ನಿವೃತ್ತರಾಗಿದ್ದ ಹಿರಿಯರೊಬ್ಬರು ಖಾಸಗಿ ಆಸ್ಪತ್ರೆಯಲ್ಲಿ ನ್ಯುಮೋನಿಯಾಕ್ಕಾಗಿ ದಾಖಲಾಗಿದ್ದರು. ಎರಡನೆಯ ದಿನ ಕೇಸ್ ಪೇಪರ್ ಬರೆದ ಕಿರಿಯ ವೈದ್ಯರು ಅವರು ಅರೆಪ್ರಜ್ಞೆಯಲ್ಲಿ ಗೊಣಗುತ್ತ ಮಲಗಿದ್ದುದನ್ನು ಕಂಡು 'ಬೆಡ್‌ರಿಡನ್' ಎಂದು ಬರೆದರು. ಆ ಪದ ದಿನದಿನದ ಟಿಪ್ಪಣಿಯಲ್ಲಿ ನಕಲಾಗುತ್ತ ಹೋಯಿತು. ಮೊದಲೇ ಹಾಸಿಗೆ ಹಿಡಿದವರನ್ನು ನಡೆಸುವ ಪ್ರಶ್ನೆಯೇ ಏಳುವುದಿಲ್ಲವಲ್ಲ, ಹಾಗಾಗಿ ಯಾರೂ ಫಿಜಿಯೋಥೆರಪಿಗೆ ಬರೆದುಕೊಡಲಿಲ್ಲ. ಪುಣೆಯಿಂದ ಬಂದ ಮಗಳು, ಅಪ್ಪ ಹದಿನೈದು ದಿನದ ಹಿಂದಿನವರೆಗೂ ಬೆಳಿಗ್ಗೆ ಚಾಳಿನ, ಎಂದರೆ ಸಾಲು ಖೋಲಿಗಳ (ಕೋಣೆಗಳ) ಹಳೆಯ ಕಟ್ಟಡದ, ಎರಡು ಮಾಳಿಗೆ ಇಳಿದು ಹಾಲು, ಪೇಪರ್ ತರುತ್ತಿದ್ದರೆಂದು ಹೇಳಿದಾಗಲೇ ವಾರ್ಡಿಗೆ ಅದು ತಿಳಿದದ್ದು. ಅಷ್ಟರಲ್ಲಿ ಒಂದು ವಾರ ಮೀರಿತ್ತು, ಬೆನ್ನ ಕೆಳಗೆ ಹುಣ್ಣು ಶುರುವಾಗಿತ್ತು. ನಂತರ ಶ್ರಮಪಟ್ಟು ಅವರನ್ನು ವಾಕರ್ ಹಿಡಿದು ಪಾಯಖಾನೆಗೆ ಹೋಗುವ ಮಟ್ಟಕ್ಕೆ ತಂದೆವು. ಮೆಟ್ಟಿಲು ಇಳಿಯುವಂತೆ ಮಾಡಲು ಆಗಲಿಲ್ಲ. ದಾಖಲಾದ ಸಂಜೆ ಮಗಳಿಗೆ ಒಂದು ಫೋನ್ ಮಾಡಿ ಕೇಳಿದ್ದರೆ ಆ ಮೊದಲ ವಾರ ವ್ಯರ್ಥವಾಗುತ್ತಿರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೇಳುವುದಕ್ಕೆ ಕ್ರಮಬದ್ಧವಾದ ಸಾಧನಗಳು ಹಳೆಯವೇ ಇವೆ, ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ. 1963ರಲ್ಲಿ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು ಸ್ನಾನ, ಉಡುಪು, ಪಾಯಖಾನೆ, ಮಂಚದಿಂದ ಕುರ್ಚಿಗೆ ಹೋಗುವುದು, ಮಲಮೂತ್ರದ ಹಿಡಿತ, ಊಟ ಎಂಬ ಆರು ಅಂಶಗಳ ಸೂಚಿಯನ್ನು ಕೊಟ್ಟರು. 1965ರಲ್ಲಿ ಪ್ರಕಟವಾದ ಬಾರ್ಥೆಲ್ ಸೂಚಿ ಹತ್ತು ಕೆಲಸಗಳನ್ನು ನೋಡಿ 100ಕ್ಕೆ ಅಂಕ ಹಾಕುತ್ತದೆ. ಅದರಲ್ಲಿ ಮಂಚದಿಂದ ಕುರ್ಚಿಗೆ ಹೋಗುವುದಕ್ಕೆ 15, ಸಮತಟ್ಟಾದ ನೆಲದಲ್ಲಿ ನಡೆಯುವುದಕ್ಕೆ 15, ಮೆಟ್ಟಿಲಿಗೆ 10, ಸ್ನಾನಕ್ಕೆ 5 ಹೀಗೆ ಪ್ರತಿಯೊಂದಕ್ಕೂ ತೂಕವಿದೆ. ಅಭ್ಯಾಸವಿದ್ದ ಸಿಸ್ಟರ್ ಒಬ್ಬರು ಇದನ್ನು ಕೆಲವೇ ನಿಮಿಷಗಳಲ್ಲಿ ತುಂಬಬಲ್ಲರು. ಆದರೆ ಮೊತ್ತವೊಂದನ್ನೇ ಬರೆದು ಕೈತೊಳೆದುಕೊಳ್ಳಬಾರದು. 60 ಅಂಕ ಪಡೆದ ಇಬ್ಬರಲ್ಲಿ ಒಬ್ಬರಿಗೆ ಮೂತ್ರದ ಹಿಡಿತ ತಪ್ಪಿರಬಹುದು, ಇನ್ನೊಬ್ಬರಿಗೆ ಏಳುವುದೇ ಆಗದಿರಬಹುದು. ಅವರಿಬ್ಬರ ಮನೆಗಳಲ್ಲಿ ಮಾಡಬೇಕಾದ ಏರ್ಪಾಡು ಬೇರೆ ಬೇರೆ.

ಇನ್ನೊಂದು ಮಾತು. ಈ ಸೂಚಿಗಳು ಹುಟ್ಟಿದ್ದು ಕುರ್ಚಿ, ಕಮೋಡು, ಶವರ್ ಇರುವ ಮನೆಗಳ ದೇಶದಲ್ಲಿ. ನಮ್ಮ ಹಿರಿಯರು ನೆಲದ ಮೇಲೆ ಚಕ್ಕಳಮಕ್ಕಳ ಕೂತು ಉಣ್ಣುವವರು, ಮೋರಿಯ ಬಳಿ ಮಣೆಯ ಮೇಲೆ ಕೂತು ತಂಬಿಗೆಯಲ್ಲಿ ನೀರು ಹೊಯ್ದುಕೊಳ್ಳುವವರು, ಕುಕ್ಕುರುಗಾಲಿನಲ್ಲಿ ಕೂರುವ ಪಾಯಖಾನೆಗೆ ಒಗ್ಗಿದವರು. ಚಾಳಿನಲ್ಲಿ ಆ ಪಾಯಖಾನೆ ಖೋಲಿಯಿಂದ ಹೊರಗೆ, ಉದ್ದನೆಯ ವರಾಂಡದ ಕೊನೆಯಲ್ಲಿ ಇರುತ್ತದೆ. ವಾರ್ಡಿನ ಕಮೋಡಿನಿಂದ ಎದ್ದವರಿಗೆ ಪೂರ್ಣ ಅಂಕ ಕೊಟ್ಟು ಕಳುಹಿಸಿದರೆ ಮನೆಯಲ್ಲಿ ಮೊದಲ ದಿನವೇ ಅವರು ಕೂತಲ್ಲಿಂದ ಏಳಲಾಗದೆ ಉಳಿಯುತ್ತಾರೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳ ಹಿರಿಯರಿಗೆಂದೇ, ಅವರ ದಿನಚರಿಗೆ ಹೊಂದುವಂತೆ, ನಿತ್ಯದ ಕೆಲಸಗಳ ಮಾಪಕವೊಂದನ್ನು ರೂಪಿಸಿ 1999ರಲ್ಲಿ ಪ್ರಕಟಿಸಿದ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಮುಂಬಯಿಯ ಆಸ್ಪತ್ರೆಗಳೂ ಬಾರ್ಥೆಲ್ ಸೂಚಿಯ ಪಕ್ಕದಲ್ಲಿ ಮೂರು ಪ್ರಶ್ನೆ ಸೇರಿಸಿಕೊಳ್ಳಬಹುದು: ನೆಲದಿಂದ ಏಳಬಲ್ಲರೇ, ಕುಕ್ಕುರುಗಾಲಿನಲ್ಲಿ ಕೂತು ಏಳಬಲ್ಲರೇ, ಮನೆ ಎಷ್ಟನೆಯ ಮಾಳಿಗೆಯಲ್ಲಿದೆ ಮತ್ತು ಲಿಫ್ಟ್ ಇದೆಯೇ.

ಕೇಳಿ ತಿಳಿದದ್ದು ಅರ್ಧ, ಕಣ್ಣಿನಿಂದ ನೋಡಿದ್ದು ಇನ್ನರ್ಧ. ಮರ್ಯಾದೆಯ ಪ್ರಶ್ನೆಯೆಂದು ಹಿರಿಯರು 'ಎಲ್ಲ ನಾನೇ ಮಾಡಿಕೊಳ್ಳುತ್ತೇನೆ' ಎನ್ನುತ್ತಾರೆ; ದಣಿದ ಮನೆಯವರು 'ಏನೂ ಆಗುವುದಿಲ್ಲ' ಎನ್ನುತ್ತಾರೆ. ನಿಜ ತಿಳಿಯಬೇಕಾದರೆ ಎಬ್ಬಿಸಿ ನೋಡಬೇಕು. 1991ರಿಂದ ಬಳಕೆಯಲ್ಲಿರುವ ಪರೀಕ್ಷೆಯೊಂದರಲ್ಲಿ ರೋಗಿ ಕೈಯಿರುವ ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಅದಕ್ಕೆ 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆಯೆಂದು ಎಣಿಸುತ್ತಾರೆ. ಎರಡು ಮಂಚಗಳ ಸಾಲಿನ ನಡುವಿನ ಜಾಗ ಇದಕ್ಕೆ ಸಾಕು, ಬೇಕಾದ ಸಲಕರಣೆ ಒಂದು ಕುರ್ಚಿ, ಒಂದು ಗಡಿಯಾರ, ನೆಲದ ಮೇಲೆ ಅಂಟಿಸಿದ ಒಂದು ಪಟ್ಟಿ. ಇನ್ನೂ ಸ್ವಲ್ಪ ಬಲವಿದ್ದವರಿಗೆ, ನಿಲುವಿನ ಸಮತೋಲ, ನಡಿಗೆಯ ವೇಗ ಮತ್ತು ಕೈ ಊರದೆ ಕುರ್ಚಿಯಿಂದ ಐದು ಸಲ ಏಳುವುದು ಇವು ಮೂರನ್ನೂ ನೋಡಿ 12ಕ್ಕೆ ಅಂಕ ಕೊಡುವ ಪರೀಕ್ಷೆಯಿದೆ. ನಿಲ್ಲಲೂ ಆಗದವರಿಗೆ ಇವೆರಡೂ ಸಲ್ಲವು. ಅವರಲ್ಲಿ ಮಗ್ಗುಲಾಗುವುದು, ಮಂಚದ ಅಂಚಿಗೆ ಬರುವುದು, ಆಸರೆಯಿಲ್ಲದೆ ಕೂರುವುದು ಇವನ್ನೇ ನೋಡಬೇಕು, ಅಲ್ಲಿಯ ಒಂದು ಮೆಟ್ಟಿಲ ಸುಧಾರಣೆಗೂ ಬೆಲೆಯಿದೆ. ನಡೆಸುವ ಮುನ್ನ ಮಲಗಿದ್ದಾಗಿನ ಬಿಪಿಯನ್ನೂ ನಿಂತ ಮೇಲಿನ ಬಿಪಿಯನ್ನೂ ಹೋಲಿಸಬೇಕು. ಮೇಲಿನ ಅಂಕಿ 20ರಷ್ಟು ಇಳಿದರೆ ಮೊದಲು ಅದರ ಕಾರಣ, ಹೆಚ್ಚಿನ ಸಲ ಯಾವುದೋ ಮಾತ್ರೆ ಅಥವಾ ನೀರಿನ ಕೊರತೆ, ಹುಡುಕಬೇಕು. ತಲೆ ತಿರುಗಿ ಒಮ್ಮೆ ಕುಸಿದವರು ಮತ್ತೆ ಏಳಲು ಒಪ್ಪುವುದಿಲ್ಲ.

ಆಸ್ಪತ್ರೆಯಲ್ಲಿ ಹಠಾತ್ತನೆ ಬರುವ ಬುದ್ಧಿಭ್ರಮಣೆಯನ್ನು, ವೈದ್ಯರು ಡೆಲಿರಿಯಂ ಎನ್ನುವುದನ್ನು, ಇದರಿಂದ ಬೇರ್ಪಡಿಸಿ ನೋಡಲಾಗದು. ಅದು ಬಂದವರ ನಡಿಗೆ ಮೊದಲು ಕೆಡುತ್ತದೆ, ಮಲಗಿಯೇ ಇದ್ದವರಿಗೆ ಅದು ಬರುವುದೂ ಹೆಚ್ಚು. ಅಮೆರಿಕದಲ್ಲಿ ಶರಾನ್ ಇನೌಯ್ ಅವರ ತಂಡ 1999ರಲ್ಲಿ ತೋರಿಸಿಕೊಟ್ಟಂತೆ, ದಿನಕ್ಕೆ ಹಲವು ಸಲ ಎಬ್ಬಿಸಿ ನಡೆಸುವುದು, ಕನ್ನಡಕ ಮತ್ತು ಕಿವಿಯ ಯಂತ್ರ ಹಾಕಿಸುವುದು, ನೀರು ಕುಡಿಸುವುದು, ನಿದ್ದೆಗೆಡಿಸದಿರುವುದು, ಇವತ್ತು ಯಾವ ದಿನ, ಎಲ್ಲಿದ್ದೀರಿ ಎಂದು ನೆನಪಿಸುತ್ತ ಮಾತನಾಡಿಸುವುದು ಇಷ್ಟರಿಂದಲೇ ಬುದ್ಧಿಭ್ರಮಣೆಯ ಪ್ರಮಾಣ ಶೇ. 15ರಿಂದ ಶೇ. 10ಕ್ಕಿಂತ ತುಸು ಕೆಳಕ್ಕೆ ಇಳಿದಿತ್ತು. ಅರವತ್ತು ವರ್ಷ ಮುಂಬಯಿಯಲ್ಲಿ ಇದ್ದು ಹಿಂದಿ, ಮರಾಠಿ ಚೆನ್ನಾಗಿ ಬಲ್ಲ ನಮ್ಮವರೂ ಜ್ವರದ ಮಂಪರಿನಲ್ಲಿ ಕನ್ನಡ ಇಲ್ಲವೆ ತುಳುವಿಗೆ ಮಾತ್ರ ಓಗೊಡುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. 'ಉಠೋ ಬಾಬಾ' ಎಂದಾಗ ಕಣ್ಣು ತೆರೆಯದವರು 'ಏಳಿ ಅಜ್ಜ, ಕಾಲು ಕೆಳಗಿಡಿ' ಎಂದಾಗ ಕಾಲು ಚಾಚುತ್ತಾರೆ. ಆಜ್ಞೆ ಪಾಲಿಸುವುದಿಲ್ಲ ಎಂದು ಕೇಸ್ ಪೇಪರಿನಲ್ಲಿ ಬರೆಯುವ ಮುನ್ನ ಅವರ ಮನೆಮಾತಿನಲ್ಲಿ ಒಮ್ಮೆ ಹೇಳಿಸಿ ನೋಡಬೇಕೆಂದು ವೈದ್ಯಮಿತ್ರರಲ್ಲಿ ವಿನಂತಿಸುತ್ತೇನೆ.

ಅಳತೆಯ ಉದ್ದೇಶ ಕಾಗದ ತುಂಬುವುದಲ್ಲ, ಯಾರಿಗೆ ಎಷ್ಟು ಪುನಶ್ಚೇತನ ಬೇಕೆಂದು ತೀರ್ಮಾನಿಸುವುದು. ಕಾಯಿಲೆಗೆ ಮುನ್ನ ಚೆನ್ನಾಗಿದ್ದು ಈಗಲೂ ಹೆಚ್ಚು ಇಳಿಯದವರಿಗೆ ತಜ್ಞರೇ ಬೇಕಾಗಿಲ್ಲ. ಸಿಸ್ಟರ್, ಮಾವಶಿ (ವಾರ್ಡಿನ ಆಯಾ), ಮನೆಯವರು ಸೇರಿ ಊಟಕ್ಕೆ ಕುರ್ಚಿಯಲ್ಲಿ ಕೂರಿಸಿ, ದಿನಕ್ಕೆ ಮೂರು ಸಲ ವಾರ್ಡಿನ ಉದ್ದಕ್ಕೆ ನಡೆಸಿದರೆ ಸಾಕು. ಮೊದಲು ಚೆನ್ನಾಗಿದ್ದು ಈಗ ತೀರ ಇಳಿದಿರುವವರೇ ಫಿಜಿಯೋಥೆರಪಿಸ್ಟ್ ಮತ್ತು ನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವ ಆಕ್ಯುಪೇಶನಲ್ ಥೆರಪಿಸ್ಟ್‌ಗಳ ಸಮಯ ಎಲ್ಲಕ್ಕಿಂತ ಹೆಚ್ಚು ಸಲ್ಲಬೇಕಾದವರು, ಏಕೆಂದರೆ ಮರಳಿ ಪಡೆಯಬಹುದಾದದ್ದು ಅವರಲ್ಲೇ ಹೆಚ್ಚು. ಮೊದಲಿನಿಂದಲೇ ಹಾಸಿಗೆಯಲ್ಲಿ ಇದ್ದವರ ಗುರಿ ಬೇರೆ. ಅವರಿಗೆ ನೋವಿಲ್ಲದೆ ಕೂರಿಸುವುದು, ಹುಣ್ಣಾಗದಂತೆ ನೋಡುವುದು, ಆರೈಕೆ ಮಾಡುವವರ ಬೆನ್ನು ಉಳಿಯುವಂತೆ ಎತ್ತುವ ಕ್ರಮ ಕಲಿಸುವುದು ಮುಖ್ಯ, ಅದೂ ಪುನಶ್ಚೇತನವೇ. ಈಗ ನಡೆಯುತ್ತಿರುವುದು ಹೀಗಲ್ಲ. ಮೂಳೆ ಆಪರೇಷನ್ ಮತ್ತು ಪಾರ್ಶ್ವವಾಯು ಬಿಟ್ಟರೆ ಮೆಡಿಕಲ್ ವಾರ್ಡಿನಿಂದ ಥೆರಪಿಗೆ ಚೀಟಿ ಬರುವುದು ಕಫ ತೆಗೆಯುವುದಕ್ಕೆ, ಇಲ್ಲವೆ ಡಿಸ್‌ಚಾರ್ಜಿನ ಹಿಂದಿನ ದಿನ 'ಸ್ವಲ್ಪ ನಡೆಸಿ' ಎಂಬ ಸೂಚನೆಯೊಂದಿಗೆ. ಆ ಒಂದು ದಿನದಲ್ಲಿ ಯಾರೂ ಏನನ್ನೂ ಮರಳಿಸಲಾರರು.

ಎಲ್ಲರನ್ನೂ ಕೂಡಲೇ ಎಬ್ಬಿಸಿ ನಡೆಸಿಬಿಡಿ ಎಂದು ನಾನು ಹೇಳುತ್ತಿಲ್ಲ. ಪಾರ್ಶ್ವವಾಯು ಆದ 24 ತಾಸಿನೊಳಗೆ ಹೆಚ್ಚು ಹೆಚ್ಚು ಸಲ ಎಬ್ಬಿಸಿದವರ ಸ್ಥಿತಿ ಮೂರು ತಿಂಗಳ ನಂತರ ಸಾಮಾನ್ಯ ಆರೈಕೆ ಪಡೆದವರಿಗಿಂತ ಹಿಂದೆ ಇದ್ದುದನ್ನು 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿದೆ. ಅದಕ್ಕಾಗಿಯೇ ಅಳತೆ ಬೇಕು. ಅಳೆದು, ಅವರವರ ಬಲಕ್ಕೆ ತಕ್ಕಂತೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಸ್ಪೇನಿನ ಪಾಂಪ್ಲೋನಾ ನಗರದ ಆಸ್ಪತ್ರೆಯಿಂದ 2019ರಲ್ಲಿ ಬಂದ ವರದಿ ನನಗೆ ಬಹಳ ಭರವಸೆ ಕೊಟ್ಟಿತು. ಅಲ್ಲಿ ಸರಾಸರಿ 87 ವರ್ಷದ 370 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಬೆಳಿಗ್ಗೆ ಮತ್ತು ಸಂಜೆ ಸುಮಾರು 20 ನಿಮಿಷದಂತೆ, 5ರಿಂದ 7 ದಿನ, ಅವರವರಿಗೆ ಹೊಂದುವ ವ್ಯಾಯಾಮ ಮಾಡಿಸಿದರು. ಸಾಮಾನ್ಯ ಆರೈಕೆಯಲ್ಲಿದ್ದವರ ಬಾರ್ಥೆಲ್ ಅಂಕ ಸರಾಸರಿ 5ರಷ್ಟು ಇಳಿದರೆ ವ್ಯಾಯಾಮ ಮಾಡಿದವರ ಅಂಕ ಸುಮಾರು 2ರಷ್ಟು ಏರಿತು. ಎಂಬತ್ತೇಳು ವರ್ಷದವರಿಗೆ, ಒಂದೇ ವಾರದಲ್ಲಿ! ಕಾಯಿಲೆ, ಔಷಧ, ನಡಿಗೆ, ಮನಸ್ಸು, ಮನೆಯ ಪರಿಸ್ಥಿತಿ ಎಲ್ಲವನ್ನೂ ಒಂದು ತಂಡ ಕೂಡಿ ನೋಡುವ ಪದ್ಧತಿಯ ಬಗ್ಗೆ ವೈದ್ಯಕೀಯ ಅಧ್ಯಯನಗಳನ್ನು ಕೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2017ರ ಸಮೀಕ್ಷೆ, ಒಂಬತ್ತು ದೇಶಗಳ 29 ಪ್ರಯೋಗಗಳನ್ನು ಒಟ್ಟುಗೂಡಿಸಿ, ಹಾಗೆ ನೋಡಿಕೊಂಡ ಹಿರಿಯರು ತಿಂಗಳುಗಳ ನಂತರವೂ ಬದುಕಿದ್ದು ತಮ್ಮ ಮನೆಯಲ್ಲೇ ಇರುವ ಸಾಧ್ಯತೆ ಹೆಚ್ಚೆಂದು ತೀರ್ಮಾನಿಸಿದೆ.

ಮುಂಬಯಿಗೆ ಇದು ಹೊರಗಿನಿಂದ ಕಲಿಯಬೇಕಾದ ವಿದ್ಯೆಯಲ್ಲ. ಅಮೆರಿಕದಲ್ಲಿ ಹುಟ್ಟಿ ಭಾರತದವರೇ ಆದ ಕಮಲಾ ನಿಂಬ್ಕರ್ ಅವರು 1950ರಲ್ಲಿ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಆಕ್ಯುಪೇಶನಲ್ ಥೆರಪಿಯ ಶಾಲೆ ತೆರೆದಾಗ ದೇಶದಲ್ಲಿ ಅಂಥದ್ದು ಬೇರೊಂದಿರಲಿಲ್ಲ. ದೇಶದ ಮೊದಲ ಫಿಜಿಯೋಥೆರಪಿ ಶಾಲೆಯೂ 1953ರಲ್ಲಿ ಅಲ್ಲೇ ಆರಂಭವಾಯಿತು. ಹಾಜಿ ಅಲಿಯ ಬಳಿಯ ಅಖಿಲ ಭಾರತ ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ಸಂಸ್ಥೆ ಸ್ಥಾಪನೆಯಾದದ್ದು 1955ರಲ್ಲಿ. ಇಂಥ ಪರಂಪರೆಯ ನಗರದಲ್ಲಿ ಮೆಡಿಕಲ್ ವಾರ್ಡಿನ ಹಿರಿಯ ರೋಗಿಯೊಬ್ಬರ ನಡಿಗೆಯನ್ನು ಯಾರೂ ಅಳೆಯದೆ ಮನೆಗೆ ಕಳುಹಿಸುವುದನ್ನು ಒಪ್ಪಿಕೊಳ್ಳಲು ನನ್ನಿಂದ ಆಗುವುದಿಲ್ಲ. ಹಿರಿಯರ ಆರೋಗ್ಯಕ್ಕಾಗಿ 2010ರಿಂದ ರಾಷ್ಟ್ರೀಯ ಕಾರ್ಯಕ್ರಮವಿದೆ. ಥೆರಪಿಸ್ಟ್‌ಗಳ ವೃತ್ತಿಗೆ 2021ರ ಕಾಯಿದೆ ಶಾಸನಬದ್ಧ ಸ್ಥಾನ ಕೊಟ್ಟಿದೆ. 2024ರ ಅಕ್ಟೋಬರ್‌ನಿಂದ 70 ತುಂಬಿದ ಎಲ್ಲರೂ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಗೆ ಅರ್ಹರು, ಡಿಸ್‌ಚಾರ್ಜಿನ ನಂತರದ 15 ದಿನಗಳ ಔಷಧ ಮತ್ತು ತಪಾಸಣೆಯ ವೆಚ್ಚವೂ ಅದರಲ್ಲಿ ಸೇರಿದೆ. ಆ ಹದಿನೈದು ದಿನಗಳಲ್ಲಿ ಥೆರಪಿಸ್ಟ್ ಮನೆಗೆ ಬಂದು ಹೋಗುವ ವೆಚ್ಚವನ್ನೂ ಸ್ಪಷ್ಟವಾಗಿ ಸೇರಿಸಬೇಕು, ಮತ್ತು ಅಂಥ ಸಹಾಯ ಯಾರಿಗೆ ಬೇಕೆಂಬುದನ್ನು ಡಿಸ್‌ಚಾರ್ಜ್ ಕಾರ್ಡಿನ ಅಳತೆಯ ಆಧಾರದ ಮೇಲೆ ತೀರ್ಮಾನಿಸಬೇಕು ಎಂಬುದು ಸರಕಾರಕ್ಕೆ ನನ್ನ ಬೇಡಿಕೆ.

ನಮ್ಮ ಸಮುದಾಯಕ್ಕೆ ಸಂಬಂಧಿಸಿದಂತೆ ಒಂದು ವಿಶೇಷ ಸಮಸ್ಯೆಯಿದೆ. ಡಿಸ್‌ಚಾರ್ಜ್ ಆದೊಡನೆ ಹಿರಿಯರನ್ನು ಊರಿಗೆ ಕಳುಹಿಸುವುದು ನಮ್ಮಲ್ಲಿ ರೂಢಿ. ಮಕ್ಕಳು ಸೊಸೆಯಂದಿರು ಇಬ್ಬರೂ ಕೆಲಸಕ್ಕೆ ಹೋಗುವವರು, ಖೋಲಿ ಸಣ್ಣದು, ಕೆಲಸದವರನ್ನು ಒದಗಿಸುವ ಬ್ಯೂರೋದಿಂದ ಆರೈಕೆಯ ಹೆಂಗಸನ್ನು ಇಟ್ಟುಕೊಂಡರೆ ತಿಂಗಳ ಸಂಬಳದ ದೊಡ್ಡ ಪಾಲು ಅವಳಿಗೇ ಹೋಗುತ್ತದೆ, ಊರಿನಲ್ಲಾದರೆ ಅಂಗಳವಿದೆ, ಅತ್ತಿಗೆ ನಾದಿನಿಯರಿದ್ದಾರೆ. ಈ ಯೋಚನೆಯಲ್ಲಿ ತಪ್ಪಿಲ್ಲ. ಆದರೆ ಕುರ್ಚಿಯಲ್ಲಿ ಒಂದು ತಾಸು ಕೂರಲಾಗದವರನ್ನು ಮತ್ಸ್ಯಗಂಧಾ ರೈಲಿನ ಬರ್ತಿನಲ್ಲಿ ಇಡೀ ರಾತ್ರಿ ಪ್ರಯಾಣ ಮಾಡಿಸುವ ಮುನ್ನ ಅವರು ಎಷ್ಟು ಹೊತ್ತು ಕೂರಬಲ್ಲರು, ಓಡುವ ಗಾಡಿಯಲ್ಲಿ ಪಾಯಖಾನೆಗೆ ಹೋಗಿ ಬರಬಲ್ಲರೇ ಎಂದು ಆಸ್ಪತ್ರೆಯಲ್ಲೇ ಪರೀಕ್ಷಿಸಿಕೊಳ್ಳಬೇಕು. ಉಡುಪಿಯಲ್ಲೋ ಕುಂದಾಪುರದಲ್ಲೋ ಮುಂದೆ ನೋಡುವ ಡಾಕ್ಟರಿಗೆ ಮುಂಬಯಿಯ ಕಾರ್ಡಿನಲ್ಲಿ 'ಮೊದಲು ಹೀಗಿದ್ದರು, ಈಗ ಹೀಗಿದ್ದಾರೆ, ಇಷ್ಟು ವ್ಯಾಯಾಮ ನಡೆಯುತ್ತಿದೆ' ಎಂದು ಬರೆದಿದ್ದರೆ ಅಲ್ಲಿ ಚಿಕಿತ್ಸೆ ಮುಂದುವರಿಯುತ್ತದೆ. ಬರೆಯದಿದ್ದರೆ ಮುದುಕರು ಮುಂಬಯಿಯಿಂದಲೇ ಹಾಸಿಗೆ ಹಿಡಿದು ಬಂದರೆಂದು ತಿಳಿದು ಹಾಗೆಯೇ ಬಿಡುತ್ತಾರೆ.

ಕುಟುಂಬದವರು ಯಾರ ಅಪ್ಪಣೆಗೂ ಕಾಯದೆ ಮಾಡಬಹುದಾದದ್ದು ಬಹಳಷ್ಟಿದೆ. ಆಸ್ಪತ್ರೆಗೆ ಹೊರಡುವ ಚೀಲದಲ್ಲಿ ಇನ್ಶೂರೆನ್ಸ್ ಕಾರ್ಡಿನ ಜೊತೆ ಹಿರಿಯರ ಕನ್ನಡಕ, ಹಲ್ಲಿನ ಸೆಟ್, ಕಿವಿಯ ಯಂತ್ರ, ಅವರ ಊರುಗೋಲು ಮತ್ತು ಜಾರದ ಚಪ್ಪಲಿ ಇರಲಿ. ಎರಡು ವಾರ ಮೊದಲು ಅವರು ಏನೇನು ಮಾಡುತ್ತಿದ್ದರೆಂದು ಅರ್ಧ ಪುಟ ಬರೆದು ಕೇಸ್ ಪೇಪರಿಗೆ ಲಗತ್ತಿಸಲು ಕೊಡಿ. ರೌಂಡಿಗೆ ಬಂದ ಡಾಕ್ಟರರನ್ನು 'ಇವತ್ತು ಅಮ್ಮನನ್ನು ಎಬ್ಬಿಸಬಹುದೇ, ಕ್ಯಾತೆಟರ್ ಇನ್ನೂ ಬೇಕೇ' ಎಂದು ದಿನವೂ ವಿನಯದಿಂದ ಕೇಳಿ. ಒಪ್ಪಿಗೆ ಕೊಟ್ಟರೆ ಮೂರು ಊಟವನ್ನೂ ಕೂತು ಮಾಡಿಸಿ. ಊಟದಲ್ಲಿ ಬೇಳೆ, ಮೊಸರು, ತಿನ್ನುವವರಾದರೆ ಮೊಟ್ಟೆ ಮೀನು ಇರಲಿ, ಬರೇ ಗಂಜಿ ನೀರಿನಿಂದ ಸ್ನಾಯು ಕಟ್ಟುವುದಿಲ್ಲ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಮಾತ್ರ ಡಾಕ್ಟರರನ್ನು ಕೇಳಿಯೇ ಕೊಡಿ.

ಮಾಟುಂಗಾ, ಸಾಂತಾಕ್ರೂಜ್, ಕುರ್ಲಾ, ಡೊಂಬಿವಲಿಗಳ ನಮ್ಮ ಸಂಘಗಳು ನಡೆಸುವ ಆರೋಗ್ಯ ಶಿಬಿರಗಳಲ್ಲಿ ಬಿಪಿ, ಶುಗರ್ ನೋಡುತ್ತಾರೆ, ಕಣ್ಣು ನೋಡುತ್ತಾರೆ. ಅಲ್ಲೇ ಒಂದು ಕುರ್ಚಿ ಹಾಕಿ, ಕೈಗಳನ್ನು ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲು ಎಷ್ಟು ಸೆಕೆಂಡ್ ಹಿಡಿಯುತ್ತದೆಂದು ನೋಡಬಹುದು. 14 ಸೆಕೆಂಡಿನೊಳಗೆ ಆಗದಿದ್ದರೆ ಹೆಚ್ಚಿನ ಪರೀಕ್ಷೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೇ ಹೇಳುತ್ತದೆ. ಆ ಅಂಕಿಯನ್ನು ಒಂದು ಸಣ್ಣ ಕಾರ್ಡಿನಲ್ಲಿ ಬರೆದುಕೊಟ್ಟರೆ ಮುಂದೆ ಎಂದಾದರೂ ಆಸ್ಪತ್ರೆ ಸೇರಿದಾಗ ಅವರು ಮೊದಲು ಹೇಗಿದ್ದರೆಂಬುದಕ್ಕೆ ಕೈಯಲ್ಲಿ ದಾಖಲೆಯಿರುತ್ತದೆ. ಸಂಘಗಳ ಮಹಿಳಾ ಮತ್ತು ಯುವ ವಿಭಾಗದವರು ವಾರದಲ್ಲಿ ಒಂದೆರಡು ಸಂಜೆ ಪಾಲಿಕೆಯ ಆಸ್ಪತ್ರೆಗಳಲ್ಲಿ, ಅಲ್ಲಿಯವರ ಅನುಮತಿ ಪಡೆದು, ಕನ್ನಡ ತುಳು ಮಾತಿನ ಹಿರಿಯ ರೋಗಿಗಳ ಬಳಿ ಕೂತು ಮಾತನಾಡಿಸಿ, ಸಿಸ್ಟರ್ ಹೇಳಿದವರನ್ನು ನಾಲ್ಕು ಹೆಜ್ಜೆ ನಡೆಸಿ ಬರುವುದಾದರೆ ಅದಕ್ಕಿಂತ ದೊಡ್ಡ ಸಮಾಜಸೇವೆ ನನಗೆ ಬೇರೆ ಕಾಣುವುದಿಲ್ಲ.

ಆಸ್ಪತ್ರೆಗಳ ಆಡಳಿತದವರಿಗೆ ನನ್ನ ಮನವಿ ಇಷ್ಟು: 70 ದಾಟಿದ ಪ್ರತಿ ರೋಗಿಯ ಕೇಸ್ ಪೇಪರಿನಲ್ಲಿ ಎರಡು ವಾರ ಮೊದಲಿನ ಸ್ಥಿತಿ, ದಾಖಲಾದ ಎರಡನೆಯ ದಿನದ ಸ್ಥಿತಿ, ಹೊರಡುವ ದಿನದ ಸ್ಥಿತಿ ಎಂಬ ಮೂರು ಅಂಕಣ ಇರಲಿ, ಮೊದಲೆರಡರ ನಡುವೆ ಅಂತರ ಕಂಡ ದಿನವೇ ಥೆರಪಿಗೆ ಚೀಟಿ ಹೋಗಲಿ, ಮೂರನೆಯದು ಡಿಸ್‌ಚಾರ್ಜ್ ಕಾರ್ಡಿನಲ್ಲೂ ಅಚ್ಚಾಗಲಿ. ತಮ್ಮ ಪತ್ರಿಕೆಯಲ್ಲೂ ಒಂದು ಸಹಾಯ ಬೇಡುತ್ತೇನೆ. ಕುಟುಂಬದವರು ಕತ್ತರಿಸಿ ಇಟ್ಟುಕೊಳ್ಳುವಂಥ, ಹಿರಿಯರ ನಿತ್ಯದ ಕೆಲಸಗಳನ್ನು ಗುರುತುಹಾಕುವ ಅರ್ಧ ಪುಟದ ನಮೂನೆಯನ್ನು ಕನ್ನಡದಲ್ಲಿ ಪ್ರಕಟಿಸಿ ಉಪಕರಿಸಬೇಕು. ಅದರ ಕರಡನ್ನು ಸಿದ್ಧಪಡಿಸಿ, ನೆಲದ ಮೇಲೆ ಕೂರುವುದು, ಚಾಳಿನ ಮೆಟ್ಟಿಲು, ಹೊರಗಿನ ಪಾಯಖಾನೆ ಇವನ್ನೂ ಸೇರಿಸಿ, ತಮ್ಮ ಕಚೇರಿಗೆ ತಲುಪಿಸಲು ನಾನೂ ಈಗ ವಾರ್ಡುಗಳಲ್ಲಿ ಕೆಲಸ ಮಾಡುತ್ತಿರುವ ನನ್ನ ಕೆಲವು ಕಿರಿಯ ಸಹೋದ್ಯೋಗಿಗಳೂ ಸಿದ್ಧರಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಫಿಜಿಯೋಥೆರಪಿಸ್ಟ್,
ಡೊಂಬಿವಲಿ ಪೂರ್ವ